ಪೆಟ್ರೋಲೇ, ಡೀಸೆಲೇ?

2018ನೆಯ ಇಸವಿಯ ಅಕ್ಟೋಬರಿನಲ್ಲಿ, ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ತಂಗಿಯಿಂದ ಒಂದು ಪತ್ರ ಬಂದಿತು. ಅವಳು ಅಲ್ಲಿನ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಔಷಧಗಳ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಅವಳ ಯಜಮಾನರು ಮತ್ತು ಆಗ ನಾಲ್ಕು ವರ್ಷದವಳಾಗಿದ್ದ ಮಗಳು. ಪತ್ರದ ಸಾರಾಂಶ ಇಷ್ಟು: "ಅಣ್ಣ, ಒಂದು ಸಣ್ಣ ಎಸ್ಟೇಟ್ ಕಾರನ್ನು ಕೊಳ್ಳಬೇಕೆಂದಿದ್ದೇವೆ. 2014ರಲ್ಲಿ ತಯಾರಾದ, ಒಂದೇ ಮಾದರಿಯ ಎರಡು ಕಾರುಗಳನ್ನು ನೋಡಿ ಬಂದೆವು. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲಿನದು. ಡೀಸೆಲಿನದಕ್ಕೆ ಏಳುನೂರು ಪೌಂಡು ಹೆಚ್ಚು ಕೇಳುತ್ತಾರೆ. ವರ್ಷವರ್ಷವೂ ತರಗತಿಯಲ್ಲಿ ಎಂಜಿನ್ನಿನ ಪಾಠ ಹೇಳುವವನು ನೀನು. ಯಾವುದನ್ನು ಕೊಳ್ಳಲಿ, ಹೇಳು."

ಎಸ್ಟೇಟ್ ಕಾರು ಎಂದರೆ ಏನೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸಾಮಾನ್ಯ ಕಾರಿನ ಚಾವಣಿಯನ್ನು ಹಿಂದಿನವರೆಗೂ ನೇರವಾಗಿ ಎಳೆದು, ಸಾಮಾನಿನ ಪೆಟ್ಟಿಗೆಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವಣ ಗೋಡೆಯನ್ನು ತೆಗೆದುಬಿಟ್ಟರೆ ಎಸ್ಟೇಟ್ ಕಾರಾಗುತ್ತದೆ. ಯೂರೋಪಿನಲ್ಲಿ ಸ್ಕೋಡಾ ಫ್ಯಾಬಿಯಾ ಎಸ್ಟೇಟ್ ಈ ಬಗೆಯ ಸಣ್ಣ ಕಾರು; ನಮ್ಮಲ್ಲಿ 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾ ಇದೇ ಜಾತಿಯದು. ತಂಗಿಯ ಯಜಮಾನರು ತಬಲ ನುಡಿಸುವವರು. ಎರಡು ಮೂರು ತಿಂಗಳಿಗೊಮ್ಮೆ ತಬಲ, ಹಾರ್ಮೋನಿಯಂ, ಜಮಖಾನೆಗಳನ್ನು ಹೇರಿಕೊಂಡು ಲಂಡನ್ನಿನ ಹೊರವಲಯದ ಸ್ನೇಹಿತರ ಮನೆಗೆ ಅವರು ಹೋಗಿ ಬರಬೇಕಾಗಿತ್ತು. ಎಸ್ಟೇಟ್ ಕಾರಿನ ಮೇಲೆ ಮನಸ್ಸಾದುದು ಅದಕ್ಕಾಗಿ.

ನಾನು ಆ ರಾತ್ರಿಯೇ ಉತ್ತರ ಬರೆದೆ: ಡೀಸೆಲಿನದನ್ನೇ ಕೊಳ್ಳು. ಆ ಉತ್ತರ ತಪ್ಪಾಗಿತ್ತು. ಆದರೆ ಅದರ ಹಿಂದಿದ್ದ ಭೌತವಿಜ್ಞಾನ ತಪ್ಪಾಗಿರಲಿಲ್ಲ. ಸರಿಯಾದ ವಿಜ್ಞಾನದಿಂದ ತಪ್ಪು ಸಲಹೆ ಹೇಗೆ ಹುಟ್ಟಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಿಡಿಯ ಎಂಜಿನ್ನು, ಒತ್ತಡದ ಎಂಜಿನ್ನು

ಪೆಟ್ರೋಲ್ ಎಂಜಿನ್ನಿನ ಮೂಲಪುರುಷ ಜರ್ಮನಿಯ ನಿಕೊಲಾಸ್ ಆಟೊ. ಅವನು 1876ರಲ್ಲಿ ನಿರ್ಮಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನ ಕ್ರಮವೇ ಇಂದಿಗೂ ನಡೆದು ಬಂದಿದೆ. ಮೊದಲ ಹೊಡೆತದಲ್ಲಿ ಪಿಸ್ಟನ್ನು ಕೆಳಗಿಳಿದು ಗಾಳಿಯನ್ನೂ ಇಂಧನವನ್ನೂ ಒಳಗೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರಿ ಅವುಗಳ ಮಿಶ್ರಣವನ್ನು ಅದುಮುತ್ತದೆ. ಆಗ ವಿದ್ಯುತ್ತಿನ ಕಿಡಿ ಹಾರುತ್ತದೆ. ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ನಾಲ್ಕನೆಯ ಹೊಡೆತದಲ್ಲಿ ಸುಟ್ಟ ಅನಿಲ ಹೊರಬೀಳುತ್ತದೆ.

ಅದುಮುವ ಪ್ರಮಾಣ ಹೆಚ್ಚಿದಷ್ಟೂ ಉಷ್ಣದಿಂದ ದೊರೆಯುವ ಕೆಲಸ ಹೆಚ್ಚುತ್ತದೆ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಇದಕ್ಕೊಂದು ಮಿತಿಯುಂಟು. ಇಂಧನ ಮೊದಲೇ ಗಾಳಿಯೊಡನೆ ಬೆರೆತಿರುವುದರಿಂದ, ಅತಿಯಾಗಿ ಅದುಮಿದರೆ ಅದು ಕಿಡಿಗಾಗಿ ಕಾಯದೆ ತಾನೇ ಸಿಡಿಯುತ್ತದೆ. ಎಂಜಿನ್ನು ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುತ್ತದೆ. ಆದಕಾರಣ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅದರ ಗಾತ್ರದ ಸುಮಾರು ಹತ್ತರಲ್ಲೊಂದು ಭಾಗಕ್ಕೆ ಅದುಮುವುದೇ ವಾಡಿಕೆ.

ಈ ಮಿತಿಯನ್ನು ದಾಟಿದವನು ರುಡಾಲ್ಫ್ ಡೀಸೆಲ್. ಅವನು 1858ರಲ್ಲಿ ಪ್ಯಾರಿಸಿನಲ್ಲಿ ಜನಿಸಿ, ಮ್ಯೂನಿಕ್ಕಿನಲ್ಲಿ ಶೈತ್ಯವಿಜ್ಞಾನಿ ಕಾರ್ಲ್ ಫಾನ್ ಲಿಂಡೆಯ ಬಳಿ ವ್ಯಾಸಂಗ ಮಾಡಿದನು. ಉಷ್ಣಯಂತ್ರವೊಂದರ ದಕ್ಷತೆಗೆ ಮೇಲ್ಮಿತಿ ಯಾವುದೆಂಬುದನ್ನು ಫ್ರಾನ್ಸಿನ ಸಾಡಿ ಕಾರ್ನೊ 1824ರಲ್ಲಿಯೇ ತೋರಿಸಿದ್ದನು. ಆ ಮಿತಿಯ ಹತ್ತಿರಕ್ಕೆ ಹೋಗಬೇಕೆಂಬುದು ಡೀಸೆಲನ ಹಂಬಲ. ಅವನ ಉಪಾಯ ಸರಳವಾದುದು: ಬರಿಯ ಗಾಳಿಯನ್ನು ಮಾತ್ರ ಅದುಮುವುದು; ಇಂಧನವನ್ನು ಕೊನೆಯ ಕ್ಷಣದಲ್ಲಿ ಒಳಗೆ ಚಿಮ್ಮಿಸುವುದು. ಅದುಮಿದ ಗಾಳಿಯ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿಯೇ ಬೇಡ. ಸೈಕಲ್ ಪಂಪನ್ನು ಬೇಗಬೇಗನೆ ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ಯಾರು ತಾನೆ ಕಂಡಿಲ್ಲ? ತತ್ತ್ವ ಅದೇ.

ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಉಷ್ಣ ಹೊರಹೋಗದಂತೆ ಗಾಳಿಯನ್ನು ಹದಿನಾರರಲ್ಲೊಂದು ಭಾಗಕ್ಕೆ ಅದುಮಿದರೆ, ಅದರ ನಿರಪೇಕ್ಷ ಉಷ್ಣತೆ 16ರ 0.4ನೆಯ ಘಾತದಷ್ಟು, ಅಂದರೆ ಸುಮಾರು ಮೂರು ಪಟ್ಟು ಏರುತ್ತದೆ. 300 ಕೆಲ್ವಿನ್ನಿನಲ್ಲಿದ್ದ ಗಾಳಿ 900 ಕೆಲ್ವಿನ್ ದಾಟುತ್ತದೆ. ಸೆಲ್ಸಿಯಸ್ ಮಾನದಲ್ಲಿ 600 ಡಿಗ್ರಿಗೂ ಮೇಲೆ. ಸಿಲಿಂಡರಿನ ಗೋಡೆಗಳು ಸ್ವಲ್ಪ ಉಷ್ಣವನ್ನು ಕಸಿದುಕೊಂಡರೂ, ಡೀಸೆಲ್ ತೈಲ ತಾನಾಗಿ ಹೊತ್ತಿಕೊಳ್ಳಲು ಇದು ಧಾರಾಳವಾಗಿ ಸಾಕು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷಿಸಿದಾಗ ಡೀಸೆಲನ ಎಂಜಿನ್ನು ಇಂಧನದ ಶಕ್ತಿಯಲ್ಲಿ ನೂರಕ್ಕೆ 26 ಪಾಲನ್ನು ಕೆಲಸವಾಗಿ ಪರಿವರ್ತಿಸಿತು. ಆ ಕಾಲದ ಸಾಮಾನ್ಯ ಉಗಿಯಂತ್ರ ನೂರಕ್ಕೆ ಹತ್ತನ್ನೂ ಮುಟ್ಟುತ್ತಿರಲಿಲ್ಲವೆಂಬುದನ್ನು ನೆನೆದರೆ ಈ ಸಾಧನೆಯ ಹಿರಿಮೆ ತಿಳಿಯುತ್ತದೆ.

ಡೀಸೆಲ್ ಎಂಜಿನ್ನಿಗೆ ಇನ್ನೊಂದು ಅನುಕೂಲವುಂಟು. ಪೆಟ್ರೋಲನ್ನು ಸರಿಯಾಗಿ ಉರಿಸಬೇಕಾದರೆ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಬೇಕು. ಕಾರು ನಿಧಾನವಾಗಿ ಹೋಗುವಾಗ ಪೆಟ್ರೋಲನ್ನು ಕಡಮೆ ಮಾಡಿದರೆ ಸಾಲದು, ಗಾಳಿಯನ್ನೂ ಕಡಮೆ ಮಾಡಬೇಕು. ಅದಕ್ಕಾಗಿ ಗಾಳಿಯ ದಾರಿಯಲ್ಲಿ ಥ್ರಾಟಲ್ ಎಂಬ ತಟ್ಟೆಯೊಂದು ಅರ್ಧ ಮುಚ್ಚಿಕೊಂಡಿರುತ್ತದೆ. ಮೂಗನ್ನು ಅರ್ಧ ಹಿಡಿದುಕೊಂಡು ಓಡುವವನಂತೆ, ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಕಳೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಈ ಕಟ್ಟಿಲ್ಲ. ಅದು ಗಾಳಿಯನ್ನು ಯಥೇಚ್ಛವಾಗಿ ಸೇದುತ್ತದೆ. ಹೆಚ್ಚು ಕಡಮೆಯಾಗುವುದು ಇಂಧನವೊಂದೇ.

ಇವಿಷ್ಟನ್ನೂ ತಂಗಿಗೆ ಬರೆದೆ. ಅವಳು ಉತ್ತರದಲ್ಲಿ ಒಂದೇ ಒಂದು ಮಾತು ಸೇರಿಸಿದ್ದಳು: "ಮನೆಯಿಂದ ಶಿಶುವಿಹಾರ, ಅಲ್ಲಿಂದ ಆಸ್ಪತ್ರೆ, ಎಲ್ಲ ಸೇರಿ ಮೂರು ಮೈಲಿ. ಸಂಜೆ ಮತ್ತೆ ಮೂರು ಮೈಲಿ. ಲಂಡನ್ನಿಗೆ ಹೋಗುವುದನ್ನು ಬಿಟ್ಟರೆ ಕಾರಿಗೆ ಬೇರೆ ಕೆಲಸವಿಲ್ಲ." ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಬಂದಿತ್ತು.

ಲೀಟರಿನ ಮೋಸ

ಮೊದಲು ಹಣದ ಲೆಕ್ಕವನ್ನು ನೋಡೋಣ. ಇಂಥ ಸಣ್ಣ ಕಾರು 100 ಕಿಲೋಮೀಟರು ಹೋಗಲು 6 ಲೀಟರು ಪೆಟ್ರೋಲನ್ನು ಬಯಸುತ್ತದೆ, ಅದರ ಡೀಸೆಲ್ ಜೋಡಿ 4.8 ಲೀಟರಿನಲ್ಲಿ ಕೆಲಸ ಮುಗಿಸುತ್ತದೆ ಎಂದಿಟ್ಟುಕೊಳ್ಳೋಣ. ನೂರಕ್ಕೆ ಇಪ್ಪತ್ತು ಉಳಿತಾಯವಾದಂತೆ ತೋರುತ್ತದೆ. ಆದರೆ ಲೀಟರು ಗಾತ್ರದ ಅಳತೆ, ಶಕ್ತಿಯದಲ್ಲ. ಡೀಸೆಲ್ ಪೆಟ್ರೋಲಿಗಿಂತ ಸಾಂದ್ರವಾದ ದ್ರವ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದ್ದರೆ, ಡೀಸೆಲಿನಲ್ಲಿ ಸುಮಾರು 36 ಮೆಗಾಜೌಲ್ ಇದೆ. ಗುಣಿಸಿ ನೋಡಿದರೆ ಪೆಟ್ರೋಲ್ ಕಾರಿಗೆ 192, ಡೀಸೆಲ್ ಕಾರಿಗೆ 173 ಮೆಗಾಜೌಲ್ ಬೇಕಾಯಿತು. ಇಪ್ಪತ್ತು ಹತ್ತಕ್ಕಿಳಿಯಿತು.

ಇಂಗಾಲದ ಡೈ ಆಕ್ಸೈಡಿನ ಲೆಕ್ಕವೂ ಹೀಗೆಯೇ. ಒಂದು ಲೀಟರು ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ, ಡೀಸೆಲ್ ಉರಿದರೆ ಸುಮಾರು 2.65 ಕಿಲೋಗ್ರಾಂ ಹೊರಬೀಳುತ್ತದೆ. ಮೇಲಿನ ದೂರಕ್ಕೆ ಅನುಕ್ರಮವಾಗಿ 13.8 ಮತ್ತು 12.7 ಕಿಲೋಗ್ರಾಂ, ವ್ಯತ್ಯಾಸ ನೂರಕ್ಕೆ ಎಂಟು. ಡೀಸೆಲಿನ ಗೆಲವು ನಿಜವಾದುದೇ, ಆದರೆ ಲೀಟರು ಹೇಳುವಷ್ಟು ದೊಡ್ಡದಲ್ಲ.

ಭಾರತದಲ್ಲಿ ಬಹುಕಾಲ ಡೀಸೆಲಿನ ಬೆಲೆಯನ್ನು ಸರ್ಕಾರ ತಗ್ಗಿಸಿ ಹಿಡಿದಿತ್ತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯ ಮೇಲಿನ ನಿಯಂತ್ರಣವನ್ನೂ, 2014ರ ಅಕ್ಟೋಬರಿನಲ್ಲಿ ಡೀಸೆಲಿನದನ್ನೂ ತೆಗೆಯಲಾಯಿತು. ನಡುವಣ ಆ ನಾಲ್ಕು ವರ್ಷಗಳಲ್ಲಿ ನಮ್ಮ ಜನ ಡೀಸೆಲ್ ಕಾರುಗಳಿಗೆ ಮುಗಿಬಿದ್ದುದಕ್ಕೆ ಕಾರಣ ಎಂಜಿನ್ನಿನ ದಕ್ಷತೆಗಿಂತ ಹೆಚ್ಚಾಗಿ ಬೆಲೆಗಳ ಅಂತರ. ಬ್ರಿಟನ್ನಿನಲ್ಲಿಯಾದರೋ ಎರಡು ಇಂಧನಗಳಿಗೂ ಲೀಟರಿಗೆ ಒಂದೇ ಸುಂಕ. ಬಂಕಿನಲ್ಲಿ ಡೀಸೆಲೇ ಕೊಂಚ ತುಟ್ಟಿ. ಪೆಟ್ರೋಲಿಗೆ ಲೀಟರಿಗೆ 1.30 ಪೌಂಡು, ಡೀಸೆಲಿಗೆ 1.35 ಪೌಂಡು ಎಂದು ಹಿಡಿದರೆ, ವರ್ಷಕ್ಕೆ 5,000 ಕಿಲೋಮೀಟರು ಓಡಿಸುವ ನನ್ನ ತಂಗಿಗೆ ಪೆಟ್ರೋಲಿನಲ್ಲಿ 390 ಪೌಂಡು, ಡೀಸೆಲಿನಲ್ಲಿ 324 ಪೌಂಡು ಖರ್ಚಾಗುತ್ತದೆ. ಉಳಿತಾಯ 66 ಪೌಂಡು. ಹೆಚ್ಚಾಗಿ ಕೊಟ್ಟ ಏಳುನೂರು ಪೌಂಡು ಹಿಂದಕ್ಕೆ ಬರಲು ಹತ್ತು ವರ್ಷಕ್ಕೂ ಮೀರಿ ಕಾಯಬೇಕು. ಅದೇ ಕಾರನ್ನು ವರ್ಷಕ್ಕೆ 30,000 ಕಿಲೋಮೀಟರು ಓಡಿಸುವವನಿಗೆ ಎರಡು ವರ್ಷದೊಳಗೆ ಹಣ ಮರಳುತ್ತದೆ. ಎಂಜಿನ್ನು ಬದಲಾಗಲಿಲ್ಲ, ಬದಲಾದುದು ದಾರಿ.

ತಣ್ಣನೆಯ ಎಂಜಿನ್ನು

ಈ ಲೆಕ್ಕದಲ್ಲಿಯೂ ನಾನು ಡೀಸೆಲಿಗೆ ಪಕ್ಷಪಾತ ಮಾಡಿದ್ದೇನೆ. ಏಕೆಂದರೆ 4.8 ಲೀಟರು ಎಂಬುದು ಎಂಜಿನ್ನು ಚೆನ್ನಾಗಿ ಕಾದ ಮೇಲಿನ ಮಾತು. ಚಳಿಗಾಲದ ಬೆಳಗ್ಗೆ ಮೂರು ಮೈಲಿ, ಅಂದರೆ ಸುಮಾರು ಐದು ಕಿಲೋಮೀಟರು ಹೋಗಿ ನಿಲ್ಲುವ ಕಾರಿನ ಎಂಜಿನ್ನು ಕಾಯುವುದೇ ಇಲ್ಲ. ತಣ್ಣಗಿರುವ ಎಣ್ಣೆ ಮಂದವಾಗಿ ಘರ್ಷಣೆ ಹೆಚ್ಚುತ್ತದೆ. ಇದು ಎರಡು ಬಗೆಯ ಎಂಜಿನ್ನಿಗೂ ಸಮಾನವಾದ ಕಷ್ಟ. ಆದರೆ ಡೀಸೆಲಿಗೆ ಹೆಚ್ಚು. ಅದು ಉಷ್ಣವನ್ನು ಹೆಚ್ಚಾಗಿ ಕೆಲಸಕ್ಕೆ ತಿರುಗಿಸುವುದರಿಂದ ತನ್ನ ಮೈಯನ್ನು ಬಿಸಿ ಮಾಡಿಕೊಳ್ಳಲು ಉಳಿಯುವ ಉಷ್ಣ ಕಡಮೆ. ದಕ್ಷತೆಯೇ ಇಲ್ಲಿ ತೊಡಕಾಗಿ ನಿಲ್ಲುತ್ತದೆ.

ತೊಡಕು ಅಲ್ಲಿಗೇ ಮುಗಿಯುವುದಿಲ್ಲ. ಡೀಸೆಲ್ ತೈಲ ಸಿಲಿಂಡರಿನೊಳಗೆ ಹನಿಹನಿಯಾಗಿ ಬಿದ್ದು ಉರಿಯುವಾಗ, ಹನಿಯ ಸುತ್ತಲೂ ಆಮ್ಲಜನಕ ಸಾಲದೆ ಮಸಿಯಾಗುತ್ತದೆ. ಈ ಮಸಿಯನ್ನು ಹಿಡಿಯಲು ಹೊಗೆನಳಿಗೆಯಲ್ಲಿ ಪಿಂಗಾಣಿಯಂಥ ವಸ್ತುವಿನ ಸೋಸುಕವೊಂದನ್ನು ಇಟ್ಟಿರುತ್ತಾರೆ. ಜೇನುಹುಟ್ಟಿನಂತೆ ಅದರಲ್ಲಿ ಸಣ್ಣ ಕೊಳವೆಗಳು. ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಅನಿಲ ಕೊಳವೆಯ ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕವೇ ನುಸುಳಿ ಹೋಗಬೇಕು; ಮಸಿ ಹಿಂದೆ ಉಳಿಯುತ್ತದೆ. 2014ರ ಹೊತ್ತಿಗೆ ಯೂರೋಪಿನಲ್ಲಿ ತಯಾರಾದ ಡೀಸೆಲ್ ಕಾರುಗಳಲ್ಲೆಲ್ಲ ಇದು ಇದ್ದೇ ಇರುತ್ತಿತ್ತು.

ಸೋಸುಕ ತುಂಬಿದಾಗ ಅದನ್ನು ಬಿಚ್ಚಿ ತೊಳೆಯುವ ಬದಲು, ಒಳಗಿನ ಮಸಿಯನ್ನು ಸುಟ್ಟು ಬರಿದು ಮಾಡುವ ಏರ್ಪಾಡಿದೆ. ಕೆಲವು ನೂರು ಕಿಲೋಮೀಟರುಗಳಿಗೊಮ್ಮೆ ಎಂಜಿನ್ನು ಸ್ವಲ್ಪ ಹೆಚ್ಚು ಇಂಧನವನ್ನು ಚಿಮ್ಮಿಸಿ ಸೋಸುಕದ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಇದಕ್ಕೆ ಕಾರು ಹೆದ್ದಾರಿಯಲ್ಲಿ ಹತ್ತಿಪ್ಪತ್ತು ನಿಮಿಷ ಎಡೆಬಿಡದೆ ಓಡುತ್ತಿರಬೇಕು. ಶಿಶುವಿಹಾರದ ಬಾಗಿಲಲ್ಲಿ ನಿಂತರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಮತ್ತೆ ಆರಂಭ, ಮತ್ತೆ ಅರ್ಧಕ್ಕೆ ನಿಲುಗಡೆ. ಹೆಚ್ಚಾಗಿ ಚಿಮ್ಮಿಸಿದ ಇಂಧನದಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಯಲ್ಲಿ ಜಾರಿ ಎಂಜಿನ್ನಿನ ಎಣ್ಣೆಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಮಸಿ ಕಟ್ಟುತ್ತಾ ಹೋಗಿ ಕೊನೆಗೆ ಸೋಸುಕವೇ ಮುಚ್ಚಿಹೋಗಬಹುದು. ಅದನ್ನು ಬದಲಾಯಿಸುವ ವೆಚ್ಚ ಸಾವಿರ ಪೌಂಡುಗಳನ್ನೂ ಮೀರಬಹುದು. ವರ್ಷಕ್ಕೆ 66 ಪೌಂಡು ಉಳಿಸಲು ಹೊರಟವರಿಗೆ ಇದು ಎಂಥ ವ್ಯಾಪಾರ!

ಬೀದಿಯ ಗಾಳಿ

ಇದುವರೆಗೆ ಹೇಳಿದುದು ಕಾರಿನ ಒಡೆಯನ ಲಾಭನಷ್ಟ. ಆದರೆ ಹೊಗೆಯನ್ನು ಉಸಿರಾಡುವವನು ಒಡೆಯನೊಬ್ಬನೇ ಅಲ್ಲ.

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಸಾಮಾನ್ಯವಾಗಿ ಯಾವುದರೊಡನೆಯೂ ಸುಲಭವಾಗಿ ಬೆರೆಯದ ಅನಿಲ. ಆದರೆ ಎಂಜಿನ್ನಿನ ಒಳಗಿನ ಉರಿಯ ತಾಪದಲ್ಲಿ ಅದೂ ಆಮ್ಲಜನಕದೊಡನೆ ಸೇರಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಪೆಟ್ರೋಲ್ ಕಾರಿನಲ್ಲಿ ಇವನ್ನು ಅಡಗಿಸುವ ಚಮತ್ಕಾರದ ಸಾಧನವೊಂದಿದೆ. ಹೊಗೆನಳಿಗೆಯಲ್ಲಿರುವ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ವೇಗವರ್ಧಕದ ಮೇಲೆ, ಅರೆ ಸುಟ್ಟ ಇಂಧನವೂ ಇಂಗಾಲದ ಮಾನಾಕ್ಸೈಡೂ ಸಾರಜನಕದ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬುತ್ತದೆ. ಮೂರು ವಿಷಗಳೂ ಒಮ್ಮೆಗೇ ಇಲ್ಲವಾಗುತ್ತವೆ. ಆದರೆ ಇದು ನಡೆಯಬೇಕಾದರೆ ಗಾಳಿ ಮತ್ತು ಇಂಧನದ ಪ್ರಮಾಣ ಆ 14.7ರ ಆಸುಪಾಸಿನಲ್ಲಿಯೇ ಇರಬೇಕು.

ಡೀಸೆಲ್ ಎಂಜಿನ್ನು ಗಾಳಿಯನ್ನು ಯಥೇಚ್ಛವಾಗಿ ಸೇದುತ್ತದೆಂದು ಮೇಲೆ ಹೊಗಳಿದೆನಷ್ಟೆ. ಆ ಗುಣವೇ ಇಲ್ಲಿ ದೋಷವಾಗುತ್ತದೆ. ಅದರ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುತ್ತದೆ. ಬೇಕಾದಷ್ಟು ಆಮ್ಲಜನಕ ಸುಲಭವಾಗಿ ಸಿಕ್ಕುವಾಗ, ಸಾರಜನಕದ ಆಕ್ಸೈಡಿನಿಂದ ಅದನ್ನು ಕಿತ್ತುಕೊಳ್ಳುವ ಕಷ್ಟ ಯಾವ ಅಣುವಿಗೆ ಬೇಕು? ಆದುದರಿಂದ ಡೀಸೆಲ್ ಕಾರಿನಲ್ಲಿ ಯೂರಿಯಾ ದ್ರಾವಣವನ್ನು ಹೊಗೆಯೊಳಕ್ಕೆ ಸಿಂಪಡಿಸುವುದೇ ಮೊದಲಾದ ಬೇರೆ ಉಪಾಯಗಳನ್ನು ಹೂಡಬೇಕಾಗುತ್ತದೆ. ಅವು ಕೆಲಸ ಮಾಡುತ್ತವೆ. ಆದರೆ ಅವಕ್ಕೂ ಕಾದ ಹೊಗೆನಳಿಗೆ ಬೇಕು.

ಯೂರೋಪಿನ ಕಾನೂನು ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ನಡೆಯಿತು. ಯೂರೋ 5 ಎಂಬ ನಿಯಮದಂತೆ ಪೆಟ್ರೋಲ್ ಕಾರು ಕಿಲೋಮೀಟರಿಗೆ 60 ಮಿಲಿಗ್ರಾಂ ಸಾರಜನಕದ ಆಕ್ಸೈಡುಗಳನ್ನು ಉಗುಳಬಹುದಾಗಿತ್ತು. ಡೀಸೆಲಿಗೆ 180 ಮಿಲಿಗ್ರಾಂ. ಯೂರೋ 6 ನಿಯಮ ಡೀಸೆಲಿನ ಮಿತಿಯನ್ನು 80ಕ್ಕೆ ಇಳಿಸಿತು. ಬ್ರಿಟನ್ನು 2001ರಿಂದ ಕಾರಿನ ವಾರ್ಷಿಕ ತೆರಿಗೆಯನ್ನು ಇಂಗಾಲದ ಡೈ ಆಕ್ಸೈಡಿನ ಮೇಲೆ ನಿಗದಿ ಮಾಡಿದ್ದರಿಂದ ಡೀಸೆಲಿಗೆ ಪ್ರೋತ್ಸಾಹ ದೊರೆಯಿತು. ಆ ವರ್ಷ ಹೊಸ ಕಾರುಗಳಲ್ಲಿ ಡೀಸೆಲಿನವು ಐದರಲ್ಲಿ ಒಂದಕ್ಕಿಂತ ಕಡಮೆಯಿದ್ದುವು; 2012ರ ಹೊತ್ತಿಗೆ ಅರ್ಧವನ್ನು ದಾಟಿದುವು. ಒಂದು ಮಾಲಿನ್ಯವನ್ನು ತಗ್ಗಿಸಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದಂತಾಯಿತು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿ ನಡೆದುಕೊಳ್ಳುವ ಗಣಕ ಕ್ರಮವನ್ನು ಅಡಗಿಸಿಟ್ಟಿದ್ದುದು ಬಯಲಾಯಿತು. ಜಗತ್ತಿನಲ್ಲಿ ಇಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ ಇದ್ದುವು.

ಈ ಮಿಲಿಗ್ರಾಂಗಳು ಬರಿಯ ಅಂಕಿಗಳಲ್ಲ. ಡೀಸೆಲ್ ಹೊಗೆ ಮನುಷ್ಯನಲ್ಲಿ ಕ್ಯಾನ್ಸರನ್ನುಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಣಯಿಸಿತು. ಆಗ್ನೇಯ ಲಂಡನ್ನಿನಲ್ಲಿ, ವಾಹನಗಳು ಕಿಕ್ಕಿರಿದ ಹೆದ್ದಾರಿಯೊಂದರ ಸಮೀಪದಲ್ಲಿ ವಾಸವಾಗಿದ್ದ ಒಂಬತ್ತು ವರ್ಷದ ಬಾಲಕಿಯೊಬ್ಬಳು 2013ರ ಫೆಬ್ರವರಿಯಲ್ಲಿ ತೀವ್ರವಾದ ಆಸ್ತಮಾದಿಂದ ಮೃತಳಾದಳು. ಮರಣ ವಿಚಾರಣೆ ನಡೆಸಿದ ಅಧಿಕಾರಿ 2020ರ ಡಿಸೆಂಬರಿನಲ್ಲಿ, ಅವಳ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣವೆಂದು ತೀರ್ಪಿತ್ತನು. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಮರಣಕ್ಕೆ ಹೀಗೆ ಕಾರಣ ಬರೆದುದು ಅದೇ ಮೊದಲು. ಆ ವಾರ್ತೆಯನ್ನು ಓದಿದಾಗ ನನಗೆ ಶಿಶುವಿಹಾರದ ಬಾಗಿಲಲ್ಲಿ ಸಾಲಾಗಿ ನಿಂತ, ಇನ್ನೂ ಕಾಯದ ಎಂಜಿನ್ನುಗಳ ನೆನಪಾಯಿತು.

ಪೆಟ್ರೋಲ್ ಕಾರು ನಿರ್ದೋಷಿಯೆಂದು ಯಾರೂ ಭಾವಿಸಬಾರದು. ಇಂಗಾಲದ ಡೈ ಆಕ್ಸೈಡನ್ನು ಅದು ಹೆಚ್ಚಾಗಿಯೇ ಉಗುಳುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಹೊಸ ಪೆಟ್ರೋಲ್ ಎಂಜಿನ್ನುಗಳಲ್ಲಿ ಸೂಕ್ಷ್ಮವಾದ ಮಸಿಯೂ ಹುಟ್ಟುತ್ತದೆ. ಮೂರು ಮೈಲಿಯ ಓಡಾಟಕ್ಕೆ ಇವೆರಡಕ್ಕಿಂತಲೂ ಬ್ಯಾಟರಿಯ ಕಾರೇ ತಕ್ಕುದೆಂಬುದೂ ದಿಟ. ಆದರೆ ಬೀದಿಯಲ್ಲಿ ಕಾರು ನಿಲ್ಲಿಸುವ ತಂಗಿಯ ಮನೆಯಲ್ಲಿ ಅದಕ್ಕೆ ವಿದ್ಯುತ್ತು ತುಂಬುವ ಅನುಕೂಲವಿರಲಿಲ್ಲ, ಕೊಳ್ಳುವ ಹಣವೂ ಇರಲಿಲ್ಲ. ಹಾಗೆಯೇ ಹುಬ್ಬಳ್ಳಿಯಿಂದ ಮಂಗಳೂರಿಗೆ ರಾತ್ರಿಯೆಲ್ಲ ಸರಕು ಹೊರುವ ಲಾರಿಗೆ ಡೀಸೆಲ್ ಎಂಜಿನ್ನು ಚೆನ್ನಾಗಿ ಒಪ್ಪುತ್ತದೆ. ಹೇರಿನ ಭಾರದಲ್ಲಿ ಗಂಟೆಗಟ್ಟಲೆ ನಿಲ್ಲದೆ ದುಡಿಯುವಾಗ ಡೀಸೆಲನ ಕನಸು ನನಸಾಗುತ್ತದೆ.

ನಾನು ಎರಡನೆಯ ಪತ್ರ ಬರೆದು ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಂಡೆ. "ಪುಣ್ಯಕ್ಕೆ ಮುಂಗಡ ಕೊಟ್ಟಿರಲಿಲ್ಲ" ಎಂದು ತಂಗಿ ಬರೆದಳು. ಅವರು ಪೆಟ್ರೋಲ್ ಕಾರನ್ನು ಕೊಂಡರು. ಅದರಿಂದ ಇನ್ನೊಂದು ಪ್ರಯೋಜನವೂ ಮುಂದೆ ತೋರಿತು. 2019ರ ಏಪ್ರಿಲಿನಲ್ಲಿ ಲಂಡನ್ನಿನ ನಡುಭಾಗದಲ್ಲಿ ಆರಂಭವಾದ ಮಾಲಿನ್ಯ ಸುಂಕ, 2023ರ ಆಗಸ್ಟ್ 29ರಂದು ಇಡೀ ಮಹಾನಗರಕ್ಕೆ ವಿಸ್ತರಿಸಿತು. ಯೂರೋ 6ಕ್ಕೆ ಹೊಂದದ ಡೀಸೆಲ್ ಕಾರು ಆಗ ದಿನಕ್ಕೆ 12.50 ಪೌಂಡು ತೆರಬೇಕಾಯಿತು. ಪೆಟ್ರೋಲ್ ಕಾರಿಗೆ ಹಳೆಯ ಯೂರೋ 4 ಸಾಕಾಗಿತ್ತು. ಯೂರೋ 5ರ ಕಾಲದ ಆ ಡೀಸೆಲ್ ಎಸ್ಟೇಟನ್ನು ಕೊಂಡಿದ್ದರೆ, ತಬಲ ಹಾರ್ಮೋನಿಯಂಗಳ ಪ್ರತಿಯೊಂದು ಪ್ರಯಾಣಕ್ಕೂ ಸುಂಕ ಕಟ್ಟಬೇಕಾಗುತ್ತಿತ್ತು. ನನಗೆ ಅಂಥ ದೂರದೃಷ್ಟಿಯಿತ್ತೆಂದು ಹೇಳಿಕೊಳ್ಳಲಾರೆ, ಅದು ಅದೃಷ್ಟ.

ಈಗಲೂ ತರಗತಿಯಲ್ಲಿ ಹಲಗೆಯ ಮೇಲೆ ದಕ್ಷತೆಯ ಸೂತ್ರವನ್ನು ಬರೆಯುತ್ತೇನೆ. ಸೂತ್ರದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ ಅದನ್ನು ಬರೆದ ಮೇಲೆ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ: ಈ ಕಾರು ದಿನಕ್ಕೆ ಎಷ್ಟು ದೂರ ಹೋಗುತ್ತದೆ?